ಬಿಚ್ಚಿ ನೋಡಿದವರ ಮಾತು

ಯಂತ್ರದ ಬಗ್ಗೆ ಯಾರಾದರೂ ಜೋರಾಗಿ ಮಾತಾಡತೊಡಗಿದರೆ ರೋಣದ ಆ ನಿವೃತ್ತ ಮಾಸ್ತರರು ಕೇಳುವುದು ಒಂದೇ ಪ್ರಶ್ನೆ: “ಬಿಚ್ಚಿ ನೋಡೀಯೇನು ತಮ್ಮಾ?” ರೇಡಿಯೊ ಇರಲಿ, ಪಂಪ್‌ಸೆಟ್ ಇರಲಿ, ಬಂದೂಕವೇ ಇರಲಿ, ಒಳಗೇನಿದೆ ಎಂದು ಕಣ್ಣಾರೆ ಕಂಡವರ ಅಭಿಪ್ರಾಯಕ್ಕೆ ಅವರು ಕಿವಿಗೊಡುತ್ತಾರೆ. ಕಾಣದವರ ಜೊತೆ ಚಹಾ ಕುಡಿಯುತ್ತಾರೆ, ವಾದಕ್ಕೆ ಇಳಿಯುವುದಿಲ್ಲ. ಎಂಬತ್ತರ ಹತ್ತಿರ ಬಂದಿರುವ ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಸಂಬಳ ತಂದುಕೊಟ್ಟದ್ದು ಪಾಠ. ಜೀವ ಇದ್ದದ್ದು ಮಾತ್ರ ಪಡಸಾಲೆಯ ಮೂಲೆಯ ಮೇಜಿನ ಮೇಲೆ, ಬೆಸುಗೆಯ ವಾಸನೆ, ಸ್ಕ್ರೂಡ್ರೈವರು, ತಂತಿಯ ತುಂಡುಗಳ ನಡುವೆ. ಊರಿನ ಮಂದಿ ಅವರನ್ನು ಕರೆಯುವುದು ‘ರೇಡಿಯೊ ಮಾಸ್ತರ’ ಎಂದೇ.

ಅವರ ನೆನಪುಗಳು ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ನಡುವೆಯೇ ಓಡಾಡುತ್ತವೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವವರೆಗೆ ಇದೆಲ್ಲ ಧಾರವಾಡ ಜಿಲ್ಲೆ. ಅವರಿಗೆ ಧಾರವಾಡವೆಂದರೆ ಮೊದಲು ಜಿಲ್ಲೆಯೂ ಅಲ್ಲ, ಕಾಲೇಜೂ ಅಲ್ಲ, ಆಕಾಶವಾಣಿ. 1950ರ ಜನವರಿ 8ರಂದು ಶುರುವಾದ ಆ ಕೇಂದ್ರದ ದನಿ ಬ್ಯಾಟರಿ ಸೆಟ್ಟಿನಲ್ಲಿ ಊರಿಗೆ ಬಂದಾಗ ಅವರು ಇನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಮಾಳಿಗೆಯ ಎರಡು ತುದಿಗೆ ಗಳ ನೆಟ್ಟು ನಡುವೆ ತಾಮ್ರದ ತಂತಿ ಎಳೆದು ಏರಿಯಲ್ ಕಟ್ಟಬೇಕು. ಗುಂಡಿ ತಿರುವಿದ ಕೂಡಲೇ ದನಿ ಬರುವುದಿಲ್ಲ. ಒಳಗಿನ ವಾಲ್ವುಗಳು ಕಾದು ಕೆಂಪಗಾಗುವ ತನಕ ಎಲ್ಲರೂ ಬಾಯಿ ಮುಚ್ಚಿ ಕೂರಬೇಕು. ಆಮೇಲೆ ಗೊರಗೊರ, ಅದರ ಹಿಂದೆ ಮಾತು. ಹುಡುಗನಿಗೆ ಹುಚ್ಚು ಹಿಡಿಸಿದ್ದು ಮಾತಿಗಿಂತ ಹೆಚ್ಚಾಗಿ ಹಿಂದಿನ ಹಲಗೆಯ ತೂತುಗಳಲ್ಲಿ ಕಾಣುತ್ತಿದ್ದ ಆ ಕೆಂಪು.

ಆ ರೇಡಿಯೊಗೂ ಲೈಸೆನ್ಸ್ ಇತ್ತು. ಇವತ್ತಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಆಸರೆಯಲ್ಲಿ ಅಂಚೆ ಕಚೇರಿ ಒಂದು ಚಿಕ್ಕ ಪುಸ್ತಕ ಕೊಡುತ್ತಿತ್ತು. ವರ್ಷವರ್ಷ ಹಣ ಕಟ್ಟಿ ಅದಕ್ಕೆ ಮುದ್ರೆ ಹಾಕಿಸಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಸೈಕಲ್ಲಿಗೂ ಆಗ ಬಿಲ್ಲೆ ಇತ್ತು. ಮಾಸ್ತರರ ತಂದೆಯ ಟ್ರಂಕಿನಲ್ಲಿ ಹೊಲದ ಉತಾರದ ಜೊತೆ ಎರಡು ಲೈಸೆನ್ಸ್ ಪುಸ್ತಕಗಳು ಒಂದರ ಮೇಲೊಂದು ಕೂತಿದ್ದವು: ಒಂದು ರೇಡಿಯೊದ್ದು, ಇನ್ನೊಂದು ಬಂದೂಕದ್ದು. ಯಾವ ಯಂತ್ರವನ್ನು ಯಾರು ಇಟ್ಟುಕೊಳ್ಳಬಹುದು, ಅದನ್ನು ಯಾರು ತೀರ್ಮಾನಿಸುತ್ತಾರೆ ಎಂಬ ವಿಚಾರ ಅವರ ತಲೆಗೆ ಹೊಕ್ಕದ್ದು ಆ ಟ್ರಂಕಿನಿಂದ. ಅವರ ಎಲ್ಲ ಅಭಿಪ್ರಾಯಗಳಿಗೂ ಬೇರು ಅಲ್ಲಿದೆ.

ರೋಣದವರು ದನಿ ಯಂತ್ರದ ಬಗ್ಗೆ ಅಭಿಮಾನ ಪಡಲು ಇನ್ನೊಂದು ಕಾರಣ ಇದೆ. ಪಂಡಿತ ಭೀಮಸೇನ ಜೋಶಿ 1922ರ ಫೆಬ್ರವರಿ 4ರಂದು ಹುಟ್ಟಿದ್ದು ಇಲ್ಲಿ. ಅವರು ಹನ್ನೊಂದನೇ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋಗಲು ಕಿಡಿ ಹೊತ್ತಿಸಿದ್ದು ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮಾಸ್ತರರು ಮಾತ್ರ ತಟ್ಟೆಯ ಮಗ್ಗುಲಿಂದ ಹೇಳುತ್ತಾರೆ. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು. ಕರೆಂಟು ಬೇಡ, ಕೀಲಿ ಕೊಟ್ಟ ಸ್ಪ್ರಿಂಗು ಬಿಚ್ಚಿಕೊಳ್ಳುತ್ತ ತಟ್ಟೆಯನ್ನು ತಿರುಗಿಸುತ್ತದೆ, ಉಕ್ಕಿನ ಸೂಜಿ ಗೆರೆಯಲ್ಲಿ ನಡುಗುತ್ತದೆ, ಆ ನಡುಕ ಅಭ್ರಕದ ಬಿಲ್ಲೆಗೆ, ಅಲ್ಲಿಂದ ತುತ್ತೂರಿಗೆ. ಖಾನ್‌ಸಾಹೇಬರು ತಾಸುಗಟ್ಟಲೆ ಹಾಡಬಲ್ಲ ರಾಗವನ್ನು ಮೂರು ನಿಮಿಷಕ್ಕೆ ಹಿಂಡಿ ಕೊಟ್ಟಿದ್ದಾರೆ, ಅದನ್ನು ಕೇಳಿದ ಹುಡುಗನಿಗೆ ಉಳಿದದ್ದೂ ಬೇಕು ಅನ್ನಿಸಿದೆ. ಯಂತ್ರ ಕೊಡದೆ ಉಳಿಸಿದ್ದನ್ನು ಹುಡುಕಲು ಆತ ಗ್ವಾಲಿಯರ್, ಜಲಂಧರ್ ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲಿಗೆ ಬಿದ್ದ. 2008ರಲ್ಲಿ ಭಾರತರತ್ನ ಘೋಷಣೆಯಾದ ದಿನ ಮಾಸ್ತರರು ಹಳೆಯ ಗ್ರಾಮಫೋನಿನ ಸ್ಪ್ರಿಂಗಿಗೆ ಗ್ರೀಸು ಹಾಕಿದರು.

ಈಗ ಬಂದೂಕಿನ ಮಾತು.

ತಂದೆ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ 12 ಬೋರ್ ಅದು. ಲೈಸೆನ್ಸ್ ಪುಸ್ತಕದ ಮೊದಲ ಹಾಳೆಗಳು 1878ರ ಆಯುಧ ಕಾಯ್ದೆಯ ಕಾಲದವು. 1959ರ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಿಂದ. 12 ಎಂಬ ಅಂಕಿ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವುದು ಅವರಿಗೆ ಇಷ್ಟದ ಪಾಠ. ನಳಿಗೆಯ ಒಳಸುತ್ತಿಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು 12 ಬೋರ್. ಅಳತೆ ತೆಗೆದರೆ ಹದಿನೆಂಟೂವರೆ ಮಿಲಿಮೀಟರ್. ಹದಿನಾರು ತೂಗಿದರೆ 16 ಬೋರ್, ಹಾಗಾಗಿ ಅಂಕಿ ದೊಡ್ಡದಾದಂತೆ ನಳಿಗೆ ಸಣ್ಣದು. ಸಾಂದ್ರತೆ, ಗೋಲದ ಗಾತ್ರ, ತೂಕ ಮೂರನ್ನೂ ಒಂದೇ ಲೆಕ್ಕದಲ್ಲಿ ಕಲಿಸುವ ಇಂಥ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಅವರು ಅದನ್ನು ಒರೆಸುತ್ತಿದ್ದುದನ್ನು ನೋಡಬೇಕಿತ್ತು. ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಮೊದಲು ತೋಟೆಯ ಗೂಡನ್ನು ತೆರೆದು ಬೆರಳಿಟ್ಟು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಿನ್ನೆ ತಾವೇ ಖಾಲಿ ಮಾಡಿಟ್ಟಿದ್ದರೂ ಸರಿ, ಇವತ್ತು ಮತ್ತೆ ಬೆರಳು. ಆಮೇಲೆ ನಳಿಗೆಯನ್ನು ದಿಮ್ಮಿಯಿಂದ ಬೇರ್ಪಡಿಸಿ ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದರು. ಒಳಗೆ ಬೆಳಕು ಬಳೆಬಳೆಯಾಗಿ ಕಾಣಬೇಕು. ಎಲ್ಲಾದರೂ ಬಳೆ ಮುರಿದಂತೆ ಕಂಡರೆ ಅಲ್ಲಿ ತುಕ್ಕು ಕಚ್ಚಿದೆ ಎಂದರ್ಥ. ಸಲಾಕೆಗೆ ಅರಿವೆ ಸುತ್ತಿ ಎರಡು ಸಲ ಎಳೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರುತ್ತಿದ್ದರು. ಎಣ್ಣೆ ಹೆಚ್ಚಾದರೆ ಎರೆಮಣ್ಣಿನ ಧೂಳು ಅಂಟುತ್ತದೆ. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕೀಲಿಯಲ್ಲಿ. ಖಂಡೇಪೂಜೆಯ ದಿನ ಸೋಲ್ಡರಿಂಗ್ ಕಬ್ಬಿಣ, ಸೈಕಲ್ಲು, ಮನೆಯವರ ಹೊಲಿಗೆ ಯಂತ್ರ, ಬಂದೂಕ ಎಲ್ಲಕ್ಕೂ ಒಂದೇ ಸಾಲಿನಲ್ಲಿ ವಿಭೂತಿ.

ಬಂದೂಕಿನ ಬಗ್ಗೆ ಅವರ ಅಭಿಪ್ರಾಯಗಳು ಖಚಿತ. ಮನೆ ಕಾಯಲು ಅದರಿಂದ ಪ್ರಯೋಜನವಿಲ್ಲ ಎನ್ನುತ್ತಾರೆ: ಜೋಪಾನವಾಗಿ ಇಟ್ಟರೆ ಕಳ್ಳ ಬಂದಾಗ ಕೈಗೆ ಸಿಗುವುದಿಲ್ಲ, ಕೈಗೆ ಸಿಗುವಂತೆ ಇಟ್ಟರೆ ಮೊದಲು ಸಿಗುವುದು ಮಕ್ಕಳ ಕೈಗೆ. ಮದುವೆ, ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವವರನ್ನು ಕಂಡರೆ ಅವರಿಗೆ ಸಿಟ್ಟು ಉಕ್ಕುತ್ತದೆ. ಮೇಲೆ ಹೋದದ್ದು ಎಲ್ಲೋ ಒಂದು ಕಡೆ ಕೆಳಗೆ ಬರಲೇಬೇಕು ಎಂದು ಒಂಬತ್ತನೇ ಇಯತ್ತೆಯ ಹುಡುಗರಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲವೇ ಎಂದು ಕೇಳುತ್ತಾರೆ. 2019ರ ತಿದ್ದುಪಡಿ ಇಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಇಟ್ಟದ್ದು ಅವರಿಗೆ ಸಮಾಧಾನ ತಂದಿದೆ. ಒಬ್ಬರಿಗೆ ಮೂರು ಬಂದೂಕು ಎಂಬ ಮಿತಿಯನ್ನು ಎರಡಕ್ಕೆ ಇಳಿಸಿದ್ದೂ ಸರಿ. ಚುನಾವಣೆ ಬಂದಾಗ ಬಂದೂಕವನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದರಲ್ಲಿ ಅವಮಾನವಿದೆ ಎಂದು ಕೆಲವು ಗೌಡರು ಗೊಣಗುತ್ತಾರೆ. ಮಾಸ್ತರರಿಗೆ ಹಾಗನ್ನಿಸಿದ್ದೇ ಇಲ್ಲ. ಮತ ಹಾಕುವ ವಾರ ಊರಲ್ಲಿ ಬಂದೂಕ ಇಲ್ಲದಿದ್ದರೆ ಎಲ್ಲರಿಗೂ ಸಮ.

ಆದರೆ ಅದೇ ಮನುಷ್ಯ ನರಗುಂದದ ಗುಡ್ಡ ಕಂಡ ಕೂಡಲೇ ಬೇರೆ ದನಿಯಲ್ಲಿ ಮಾತಾಡುತ್ತಾರೆ. ಕಾನೂನಿನಿಂದ ಆಯುಧ ಕಸಿಯುವುದು ಇನ್ನೊಂದು ರೀತಿಯಲ್ಲಿ ನಡೆದ ನೆಲ ಇದು. 1857ರಲ್ಲಿ ಕಂಪನಿ ಸರಕಾರ ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂದು ಕಾಯ್ದೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ಮರ್ಯಾದೆ ಎಲ್ಲವೂ ಅವರಿಗೆ ಆಯುಧದಲ್ಲೇ ಇತ್ತು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಸೆರೆ ಸಿಕ್ಕವರಲ್ಲಿ ಕೆಲವರನ್ನು ಗಲ್ಲಿಗೇರಿಸಿತು. ಆ ಹೋರಾಟದ ಲಾವಣಿಯನ್ನು ಮುಂದೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ. ಮರುವರ್ಷ ನರಗುಂದದ ಸರದಿ. ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದ ಓದುಗ. ದತ್ತು ಪಡೆಯಲು ಅನುಮತಿ ಸಿಗಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಮೇಲೆ ಬಾಬಾಸಾಹೇಬನ ಜನ ಬಿದ್ದು ಕೊಂದರು, ರುಂಡ ನರಗುಂದದ ಅಗಸಿಗೆ ಬಂತು. ಜೂನ್ 1ಕ್ಕೆ ಕೊಪ್ಪಳದಲ್ಲಿ, ಜೊತೆಗೇ ಬಂಡೆದ್ದಿದ್ದ ಮುಂಡರಗಿ ಭೀಮರಾಯ ಬಿದ್ದ, ಮರುದಿನ ನರಗುಂದದ ಕೋಟೆ ಬ್ರಿಟಿಷರ ಕೈಸೇರಿತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಎಲ್ಲ ಸೇರಿ ಎರಡು ವಾರ. ಇಪ್ಪತ್ತು ವರ್ಷದ ನಂತರ ಬಂದ 1878ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು.

“ಕಾಗದ ಬ್ಯಾಡ ಅನ್ನೂದಿಲ್ಲ ನಾ. ಆದರ ಆ ಕಾಗದಾ ನಿನಗೂ ಅಷ್ಟ, ನನಗೂ ಅಷ್ಟ ಇರಬೇಕು,” ಎನ್ನುತ್ತಾರೆ ಮಾಸ್ತರರು. ಠಾಣೆಯ ರಸೀದಿಯನ್ನು ಒಪ್ಪುವ ಮನುಷ್ಯ ಹಲಗಲಿಯವರ ಪರವಾಗಿ ನಿಲ್ಲುವುದು ಹೇಗೆ ಎಂದು ಕೇಳಿದವರಿಗೆ ಅವರ ಉತ್ತರ ಇಷ್ಟೇ. ಇದರಲ್ಲಿ ವಿರೋಧವಿಲ್ಲ. ಅವರ ಲೈಸೆನ್ಸ್ ಪುಸ್ತಕದ ಹಳೆಯ ಹಾಳೆ ಒಂದು ಜನಾಂಗವನ್ನು ಗುರಿಯಾಗಿಸಿ ಹುಟ್ಟಿದ ಕಾನೂನಿನದ್ದು, ಹೊಸ ಹಾಳೆ ಎಲ್ಲರದ್ದು. ಎರಡನ್ನೂ ಒಂದೇ ದಾರ ಹೊಲಿದಿದೆ ಎಂದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ.

ನರಗುಂದದ ಇನ್ನೊಂದು ದಿನವನ್ನು ಅವರು ಪುಸ್ತಕದಿಂದ ತಿಳಿದದ್ದಲ್ಲ. 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಬಂದಿತ್ತು. ಕೊಟ್ಟವನ ಹೊಲದಲ್ಲಿ ನೀರಿಲ್ಲ, ಕೊಡದವನ ಮನೆಯಲ್ಲಿ ಜಪ್ತಿಯ ಭಯ. ಅಂದಿನ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ಸುದ್ದಿ ರೋಣಕ್ಕೆ ಬಂದಾಗ ಮಾಸ್ತರರು ಮೇಜಿನ ಮುಂದೆ ಕೂತು ಯಾರದೋ ಟ್ರಾನ್ಸಿಸ್ಟರ್ ಬಿಚ್ಚುತ್ತಿದ್ದರು. ಆ ರಾತ್ರಿ ಓಣಿಯವರೆಲ್ಲ ಅವರ ಪಡಸಾಲೆಗೆ ಬಂದು ಪ್ರದೇಶ ಸಮಾಚಾರ ಕೇಳಿದರು. ಆ ಕಾಲದ ಪೊಲೀಸರ ಕೈಯಲ್ಲಿ ಇರುತ್ತಿದ್ದದ್ದು .303, ಎರಡು ಮಹಾಯುದ್ಧಗಳಲ್ಲಿ ಬಳಕೆಯಾದ ರೈಫಲ್. ಅದರ ಗುಂಡು ಒಂದು ಕಿಲೋಮೀಟರ್ ಆಚೆಗೂ ಪ್ರಾಣ ತೆಗೆಯಬಲ್ಲದು ಎಂದು ಅವರಿಗೆ ಗೊತ್ತಿತ್ತು. ಅಂಥದನ್ನು ಊರ ನಡುವಿನ ಬೀದಿಗೆ ತಂದವರ ಮೇಲೆ ಅವರ ಸಿಟ್ಟು ಇನ್ನೂ ಆರಿಲ್ಲ. ಆ ಕಿಚ್ಚು ರಾಜ್ಯವೆಲ್ಲ ಹಬ್ಬಿತು, ರೈತಸಂಘ ಬೆಳೆಯಿತು, 1983ರಲ್ಲಿ ಸರಕಾರವೇ ಬದಲಾಯಿತು. ನರಗುಂದದಲ್ಲಿ ವೀರಗಲ್ಲು ಇದೆ. ಪ್ರತಿ ಜುಲೈ 21ಕ್ಕೆ ಅಲ್ಲಿ ಜನ ಸೇರುತ್ತಾರೆ. ತಮ್ಮ 12 ಬೋರನ್ನು ಎಂದೂ ಹಾರಿಸದ ಈ ಹವ್ಯಾಸಿ, ಬಂದೂಕನ್ನು ಯಂತ್ರವೆಂದು ಎಷ್ಟೇ ಮೆಚ್ಚಿದರೂ, ಆ ದಿನದ ನಂತರ ಮದ್ದಿನ ವಾಸನೆ ಬೇಡವಾಯಿತು ಎನ್ನುತ್ತಾರೆ.

ಗಜೇಂದ್ರಗಡದ ಮಾತು ಬಂದರೆ ಮುಖ ಅರಳುತ್ತದೆ. ಕಾಲಕಾಲೇಶ್ವರನ ಗುಡ್ಡದ ಸಾಲಿಗೆ ಆಷಾಢದ ಗಾಳಿ ಬಡಿಯುತ್ತದೆ. ಅಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಊರವರು ಅವನ್ನು ‘ಫ್ಯಾನು’ ಎನ್ನುತ್ತಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು. ಆದ್ದರಿಂದಲೇ ಬಯಲು ಬಿಟ್ಟು ಗುಡ್ಡದ ನೆತ್ತಿ ಹುಡುಕುತ್ತಾರೆ. ಎಷ್ಟೇ ಚಂದದ ರೆಕ್ಕೆ ಮಾಡಿದರೂ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59 ಪಾಲಿಗಿಂತ ಹೆಚ್ಚು ಹಿಂಡಲಾಗದು. ಪೂರ್ತಿ ಹಿಂಡಿದರೆ ಗಾಳಿ ಅಲ್ಲೇ ನಿಂತುಬಿಡಬೇಕು, ಹಿಂದಿನ ಗಾಳಿಗೆ ದಾರಿ ಇರುವುದಿಲ್ಲ. ಬೆಟ್ಜ್ ಎಂಬ ಜರ್ಮನ್ ವಿಜ್ಞಾನಿ ತೋರಿಸಿದ ಈ ಮಿತಿ ಮಾಸ್ತರರಿಗೆ ಬಹಳ ಪ್ರೀತಿ. ಅವರ ದೂರು ಒಂದೇ: ಫ್ಯಾನು ನಮ್ಮ ಗುಡ್ಡದ ಮೇಲಿದೆ, ಅದನ್ನು ಬಿಚ್ಚಿ ಜೋಡಿಸಬಲ್ಲ ಹುಡುಗರು ನಮ್ಮ ಊರಿನವರು ಕಡಿಮೆ. ಕಾವಲುಗಾರನ ಕೆಲಸವಾದರೆ ಸಿಗುತ್ತದೆ.

ಅದೇ ಊರಿನ ನೇಕಾರರ ಓಣಿಯಲ್ಲಿ ಅವರು ಅರ್ಧ ದಿನ ಕಳೆಯಬಲ್ಲರು. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ಹತ್ತಿಯದ್ದು, ಎರಡೂ ಮಗ್ಗುಲು ಒಂದೇ ಸಮ, ಅಂಚು ಗಟ್ಟಿ. ಸವದತ್ತಿ ಎಲ್ಲಮ್ಮನಿಗೂ ಮದುಮಗಳಿಗೂ ಒಪ್ಪುವಂಥದ್ದು. ಕುಣಿಮಗ್ಗದಲ್ಲಿ ನೇಕಾರ ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ; ಪಾದ ತುಳಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಹಗ್ಗ ಜಗ್ಗಿದರೆ ಲಾಳಿ ಆ ಬಾಯಿಯಲ್ಲಿ ಹಾದುಹೋಗುತ್ತದೆ. ಹಗ್ಗದಿಂದ ಲಾಳಿ ಓಡಿಸುವ ಉಪಾಯಕ್ಕೆ ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಹಕ್ಕುಪತ್ರ ಪಡೆದ. ಇಲ್ಲಿ ಇವತ್ತಿಗೂ ಅದೇ ಉಪಾಯ ಕೂಳು ಕೊಡುತ್ತಿದೆ. ಲಾಳಿ ಮುರಿದರೆ ಬಡಿಗ ಇದ್ದಾನೆ, ಹಗ್ಗ ಹರಿದರೆ ಗಂಟು ಹಾಕಬಹುದು. ನೇಕಾರನಿಗೆ ತನ್ನ ಯಂತ್ರದಲ್ಲಿ ಗೊತ್ತಿಲ್ಲದ ಭಾಗ ಎಂಬುದೇ ಇಲ್ಲ. ಮಾಸ್ತರರ ಕಣ್ಣಿಗೆ ಇದಕ್ಕಿಂತ ದೊಡ್ಡ ಸಿರಿ ಬೇರೆ ಇಲ್ಲ. ಆದರೆ ಆ ಸಿರಿಗೆ ತಕ್ಕ ಕೂಲಿ ಸಿಗದೆ ನೇಕಾರರ ಮಕ್ಕಳು ಮಗ್ಗ ಬಿಡುತ್ತಿರುವುದನ್ನು ಹೇಳುವಾಗ ದನಿ ಒರಟಾಗುತ್ತದೆ.

ಮೊಬೈಲ್ ಬಗ್ಗೆ ಅವರಿಗೆ ಹಗೆಯಿಲ್ಲ. ಹೆಸರು, ಕಡಲೆ ಮಾರುವ ರೈತ ಗದಗಿನ ಪೇಟೆಯ ಧಾರಣೆಯನ್ನು ಬಂಡಿ ಹೂಡುವ ಮೊದಲೇ ತಿಳಿಯುತ್ತಾನೆ. ಇದು ಸಣ್ಣ ಮಾತಲ್ಲ. ಆದರೆ ಅಂಟು ಹಾಕಿ ಮುಚ್ಚಿದ ಫೋನು ಅವರಿಗೆ ಸೇರುವುದಿಲ್ಲ. ಬ್ಯಾಟರಿ ಹೋದರೆ ಉಗುರಿನಿಂದ ಹಲಗೆ ತೆಗೆದು ಬದಲಿಸುತ್ತಿದ್ದ ಕಾಲ ಹೋಗಿ, ಬಿಸಿಗಾಳಿ ಊದಿ ಗಾಜು ಎಬ್ಬಿಸುವ ಕಾಲ ಬಂದಿದೆ. ಕೊಂಡವನಿಗೆ ತೆರೆಯಲು ಬಾರದ ವಸ್ತು ಕೊಂಡವನದಲ್ಲ ಎಂದು ಅವರ ವಾದ. ಇನ್ನು ಈ ಸೀಮೆಯ ಬದುಕನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ ಯಂತ್ರ ಯಾವುದು ಎಂದು ಕೇಳಿದರೆ ಅವರು ಮೊಬೈಲ್ ಎನ್ನುವುದಿಲ್ಲ, ಟ್ರ್ಯಾಕ್ಟರ್ ಎನ್ನುವುದಿಲ್ಲ. ಹಿಟ್ಟಿನ ಗಿರಣಿ ಎನ್ನುತ್ತಾರೆ. ನಸುಕಿನ ನಾಲ್ಕಕ್ಕೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದ ತಾಯಿಯ ಅಂಗೈ ಅವರಿಗೆ ನೆನಪಿದೆ. ದಿನಾ ಜೋಳದ ರೊಟ್ಟಿ ತಿನ್ನುವ ಮನೆಗೆ ಎಷ್ಟು ಹಿಟ್ಟು ಬೇಕು! ಮೊದಲ ಗಿರಣಿ ಬಂದಾಗ ಅವರ ಅವ್ವ ಬೀಸುಕಲ್ಲನ್ನು ಹಿತ್ತಲಿಗೆ ಹಾಕಿಸಿ, ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲವಂತೆ. ಗಿರಣಿಯ ನಂತರದ ಸ್ಥಾನ ನಳಕ್ಕೆ. ಹಳೆಯದೆಲ್ಲ ಚಂದವಿತ್ತು ಎಂದು ಬರೆಯುವ ಗಂಡಸರು ಒಂದು ವಾರ ಬೀಸಿ, ಒಂದು ವಾರ ನೀರು ಹೊತ್ತು ಆಮೇಲೆ ಬರೆಯಲಿ ಎಂಬುದು ಅವರ ಮನೆಯಾಕೆಯ ಮಾತು; ಮಾಸ್ತರರು ಅದಕ್ಕೆ ಪೂರ್ತಿ ಒಪ್ಪುತ್ತಾರೆ.

ಬೆಳೆ ಕಾಯಲೆಂದು ಬಂದ ಬಂದೂಕ ಬೆಳೆ ಕಾಯಲು ಆಗಲಿಲ್ಲ. ರೋಣ, ನರಗುಂದ, ನವಲಗುಂದದ ಎರೆ ಬಯಲಿನಲ್ಲಿ ಚಿಗರಿ ಹಿಂಡುಗಳಿವೆ. ಮುಂಗಾರಿನ ಹೆಸರು ಎರಡೆಲೆ ಬಿಡುವ ಹೊತ್ತಿಗೆ ಅವು ಇಳಿಯುತ್ತವೆ. ಬೆಳಗಾದರೆ ಸಾಲಿಗೆ ಸಾಲೇ ಬೋಳು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಮುಟ್ಟುವ ಹಾಗಿಲ್ಲ. ಮುಟ್ಟಬಾರದು ಎಂಬುದೇ ಮಾಸ್ತರರ ನಿಲುವು ಕೂಡ. ಆದರೆ ಆ ಕಾಯ್ದೆಯ ಭಾರವೆಲ್ಲ ಐದೆಕರೆಯವನ ಹೊಲದ ಮೇಲೆ ಬೀಳುವುದು ನ್ಯಾಯವಲ್ಲ, ಪರಿಹಾರ ಬಿತ್ತನೆಯ ಹಂಗಾಮು ಮುಗಿಯುವ ಮೊದಲು ಕೈಗೆ ಬರಬೇಕು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ, ಇಲ್ಲವೇ ಇಪ್ಪತ್ತೈದು ವರ್ಷ ಬಂದೂಕ ಇಟ್ಟುಕೊಂಡಿದ್ದರೆ ವಾರಸುದಾರನಿಗೆ ಅದನ್ನು ವರ್ಗಾಯಿಸಲು ಅರ್ಜಿ ಹಾಕಬಹುದು. ಮಗ ಬೇಡವೆಂದ. ಮಾಸ್ತರರು ಒತ್ತಾಯಿಸಲಿಲ್ಲ, ನಳಿಗೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಕಾಗದ ಪತ್ರ ಜೋಡಿಸಿ ಕಾನೂನಿನಂತೆ ಒಪ್ಪಿಸಿ ಬಂದರು. ಲೈಸೆನ್ಸ್ ಪುಸ್ತಕದ ನೆರಳಚ್ಚು ಮಾತ್ರ ಟ್ರಂಕಿನಲ್ಲಿದೆ.

ಈಗ ಅವರ ಕೈಗೆ ಹತ್ತಿರುವುದು ಝಟಕಾ ಮಷಿನ್. ಸೌರ ಫಲಕದಿಂದ ಬ್ಯಾಟರಿ, ಬ್ಯಾಟರಿಯಿಂದ ಬೇಲಿಯ ತಂತಿಗೆ ಸೆಕೆಂಡಿಗೊಂದರಂತೆ ಪೆಟ್ಟು. ವೋಲ್ಟೇಜು ಸಾವಿರಗಟ್ಟಲೆ ಇದ್ದರೂ ಪೆಟ್ಟು ಕಣ್ಣು ಮಿಟುಕುವುದಕ್ಕಿಂತ ಸಣ್ಣದು. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಕಂಬದ 230 ವೋಲ್ಟನ್ನು ನೇರ ಬೇಲಿಗೆ ಕೊಡುವವರೂ ಇದ್ದಾರೆ. ಅದು ಬಿಡದೆ ಹಿಡಿದುಕೊಳ್ಳುತ್ತದೆ. ಚಿಗರಿಯಷ್ಟೇ ಅಲ್ಲ, ನಸುಕಿನಲ್ಲಿ ಹೊಲಕ್ಕೆ ಬಂದ ಮನುಷ್ಯರೂ ಸತ್ತಿದ್ದಾರೆ. ಸೂಡಿಯ ದಾರಿಯ ಒಂದು ಹೊಲದಲ್ಲಿ ಮಷಿನ್ ಪೆಟ್ಟು ಕೊಡುತ್ತಿಲ್ಲ ಎಂದು ರೈತ ಅದನ್ನು ಕಿತ್ತು ಕಂಬಕ್ಕೆ ಕೊಕ್ಕೆ ಹಾಕುವ ಯೋಚನೆಯಲ್ಲಿದ್ದ. ಮಾಸ್ತರರು ಮೊಮ್ಮಗನ ಬೈಕಿನ ಹಿಂದೆ ಕೂತು ಹೋದರು, ಮಷಿನ್ ಬಿಚ್ಚಿದರು, ಒಳಗೆಲ್ಲ ಸರಿ ಇತ್ತು. ತಪ್ಪು ಇದ್ದದ್ದು ನೆಲದಲ್ಲಿ: ಬೇಸಿಗೆಗೆ ಎರೆ ಬಿರಿದು ಅರ್ಥಿಂಗ್ ಸಲಾಕೆಯ ಸುತ್ತ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಮಣ್ಣು ಒಣಗಿ ಸಲಾಕೆ ಬಿಟ್ಟರೆ ಕರೆಂಟಿಗೆ ಮರಳುವ ದಾರಿ ಇಲ್ಲ, ಪೆಟ್ಟೂ ಇಲ್ಲ.

“ಮಷಿನ್ ಛಲೋ ಐತೆಪಾ. ಇದ್ದಲಿ, ಉಪ್ಪು ತೊಗೊಂಡು ಬಾ, ಎರಡು ಕೊಡ ನೀರು ತಾ. ಕಂಬದ ಕಡೆ ಮಾತ್ರ ಹೋಗಬ್ಯಾಡ,” ಎಂದು ಹೇಳಿ, ಅವನು ಬರುವವರೆಗೆ ಸಲಾಕೆಯ ಸುತ್ತ ಗುದ್ದಲಿಯಿಂದ ತಾವೇ ಮಣ್ಣು ಕೆದರುತ್ತ ಕೂತರು.